ಹೊರಗಿನ ಚಳಿ ನೋಡಿ ಮನೆಯ ಹೀಟಿಂಗ್‌ಗೆ ಎಷ್ಟು ಗ್ಯಾಸ್, ಎಷ್ಟು ಆಯಿಲ್ ಬೇಕೆಂದು ಲೆಕ್ಕ ಹಾಕುವುದು ಹೇಗೆ?

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಮನೆ ಮಾಡಿರುವ ನಮ್ಮವರು ಪ್ರತಿ ಚಳಿಗಾಲ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಜನವರಿಯ ಬಿಲ್ ಎಷ್ಟು ಬರಬಹುದು? ಟ್ಯಾಂಕಿನಲ್ಲಿರುವ ಆಯಿಲ್ ಎಷ್ಟು ದಿನ ಬರುತ್ತದೆ? ಲೆಕ್ಕ ಮಾಡಿ ನೋಡಿದವರೂ ಇದ್ದಾರೆ. ಆದರೆ ಡಿಸೆಂಬರ್‌ಗೆ ಸರಿಯಾಗಿ ಬಂದ ಲೆಕ್ಕ ಏಪ್ರಿಲ್‌ಗೆ ತಪ್ಪುತ್ತದೆ. ಅಲ್ಲಿಗೆ ಬಿಟ್ಟುಬಿಡುತ್ತಾರೆ.

ತಪ್ಪುವುದು ಗಣಿತದಲ್ಲಲ್ಲ, ಕೆಲಸದ ಕ್ರಮದಲ್ಲಿ. ಸ್ನಾನದ ಬಿಸಿನೀರಿಗೆ, ಅಡುಗೆಗೆ ಹೋಗುವ ಇಂಧನವನ್ನು ಮೊದಲು ಬೇರೆ ಮಾಡಬೇಕು. ಉಳಿದದ್ದನ್ನು ಆಮೇಲೆ ಚಳಿಯ ಜೊತೆ ಹೋಲಿಸಬೇಕು. ಹೆಚ್ಚಿನವರು ಎಲ್ಲವನ್ನೂ ಒಟ್ಟಿಗೆ ಹಾಕಿ ಭಾಗಿಸಿಬಿಡುತ್ತಾರೆ. ಕೆಳಗಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ.

ಏನೇನು ಬೇಕು

ಕಳೆದ 12 ತಿಂಗಳ ಗ್ಯಾಸ್ ಬಿಲ್‌ಗಳು, ಅಥವಾ ಆಯಿಲ್ ತುಂಬಿಸಿದ ಎಲ್ಲ ರಸೀದಿಗಳು. ನಿಮ್ಮೂರಿನ ಪ್ರತಿದಿನದ ಗರಿಷ್ಠ ಮತ್ತು ಕನಿಷ್ಠ ತಾಪಮಾನ. ಎಕ್ಸೆಲ್ ಅಥವಾ ಗೂಗಲ್ ಶೀಟ್. ಇಷ್ಟು ಸಾಕು.

ತಾಪಮಾನದ ಅಂಕಿಗಳು ಅಮೆರಿಕ ಸರ್ಕಾರದ ಹವಾಮಾನ ಇಲಾಖೆಯಾದ ನ್ಯಾಷನಲ್ ವೆದರ್ ಸರ್ವಿಸ್‌ನ ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ನಿಮ್ಮ ಪ್ರದೇಶದ ಕಚೇರಿಯ ಪುಟಕ್ಕೆ ಹೋಗಿ, ಹವಾಮಾನದ ಹಳೆಯ ದಾಖಲೆ ಇರುವ ಭಾಗದಲ್ಲಿ ತಿಂಗಳು ಆರಿಸಿದರೆ ದಿನದಿನದ ಪಟ್ಟಿ ಬರುತ್ತದೆ. ಯಾವ ಸ್ಟೇಷನ್ ಆರಿಸುತ್ತೀರಿ ಅನ್ನುವುದನ್ನು ಸ್ವಲ್ಪ ಯೋಚಿಸಿ. ಬಾಸ್ಟನ್ನಿನ ಲೋಗನ್ ವಿಮಾನ ನಿಲ್ದಾಣ ಸಮುದ್ರಕ್ಕೆ ಅಂಟಿಕೊಂಡೇ ಇದೆ. ಒಳನಾಡಿನ ವೂಸ್ಟರ್ ಎತ್ತರದಲ್ಲಿದೆ, ಅಲ್ಲಿ ಚಳಿ ಜಾಸ್ತಿ. ಹತ್ತಿರದ ಸ್ಟೇಷನ್ನಿಗಿಂತ ನಿಮ್ಮೂರಿನಂಥ ಜಾಗದಲ್ಲಿರುವ ಸ್ಟೇಷನ್ ಮೇಲು. ಒಮ್ಮೆ ಆರಿಸಿದ ಮೇಲೆ ಬದಲಾಯಿಸಬೇಡಿ.

ಹಂತ 1: ಬಿಲ್‌ಗಳನ್ನು ಶುದ್ಧ ಮಾಡಿ

ಡಾಲರ್ ಲೆಕ್ಕ ಪಕ್ಕಕ್ಕಿಡಿ. ದರ ಏರುತ್ತದೆ, ಇಳಿಯುತ್ತದೆ. ಅದಕ್ಕೂ ಹೊರಗಿನ ಚಳಿಗೂ ನೇರ ಸಂಬಂಧ ಇಲ್ಲ. ಬರೆದುಕೊಳ್ಳಬೇಕಾದದ್ದು ಪ್ರಮಾಣ ಮಾತ್ರ: ಗ್ಯಾಸ್ ಆದರೆ ಥರ್ಮ್ (ಗ್ಯಾಸ್ ಕೊಡುವ ಶಾಖವನ್ನು ಅಳೆಯುವ ಯೂನಿಟ್), ಆಯಿಲ್ ಆದರೆ ಗ್ಯಾಲನ್. ಕೆಲವು ಬಿಲ್‌ಗಳಲ್ಲಿ ಗ್ಯಾಸ್ ಪ್ರಮಾಣ ಸಿಸಿಎಫ್‌ನಲ್ಲಿ, ಅಂದರೆ ನೂರು ಘನ ಅಡಿಯ ಲೆಕ್ಕದಲ್ಲಿ ಇರುತ್ತದೆ. ಒಂದು ಸಿಸಿಎಫ್ ಸುಮಾರು 1.03 ಥರ್ಮ್. ಯಾವುದನ್ನಾದರೂ ಇಟ್ಟುಕೊಳ್ಳಿ, ಎರಡನ್ನೂ ಬೆರೆಸಬೇಡಿ.

ಪ್ರತಿ ಬಿಲ್ಲಿನಿಂದ ಮೂರು ವಿಷಯ ಬೇಕು: ಹಿಂದಿನ ಮೀಟರ್ ರೀಡಿಂಗ್ ದಿನಾಂಕ, ಈಗಿನ ರೀಡಿಂಗ್ ದಿನಾಂಕ, ಬಳಸಿದ ಥರ್ಮ್. "ಜನವರಿ ಬಿಲ್" ಅಂತ ಬರೆದುಕೊಂಡರೆ ಕೆಟ್ಟಿತು. ಆ ಬಿಲ್ ಡಿಸೆಂಬರ್ 9ರಿಂದ ಜನವರಿ 10ರವರೆಗಿನದು ಇರಬಹುದು.

ರೀಡಿಂಗ್ ಪಕ್ಕದಲ್ಲಿ "ಎಸ್ಟಿಮೇಟೆಡ್" ಅಂತ ಇದೆಯಾ ನೋಡಿ. ಇದ್ದರೆ ಯಾರೂ ಬಂದು ಮೀಟರ್ ನೋಡಿಲ್ಲ, ಕಂಪನಿಯೇ ಅಂದಾಜಿನಲ್ಲಿ ಹಾಕಿದೆ ಅಂತ ಅರ್ಥ. ಅಂಥ ಬಿಲ್ಲನ್ನು ಒಂಟಿಯಾಗಿ ಬಳಸಬೇಡಿ. ಅದರ ಮುಂದಿನ ನಿಜವಾದ ರೀಡಿಂಗಿನ ಬಿಲ್ ಜೊತೆ ಕೂಡಿಸಿ, ಎರಡನ್ನೂ ಸೇರಿಸಿ ಒಂದೇ ಅವಧಿ ಮಾಡಿ. ದಿನಗಳೂ ಕೂಡಬೇಕು, ಥರ್ಮ್‌ಗಳೂ ಕೂಡಬೇಕು.

ಮನೆಯವರೆಲ್ಲ ಊರಿಗೆ ಹೋಗಿದ್ದ ಅವಧಿಯನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ. ನಮ್ಮ ಜನ ಡಿಸೆಂಬರ್ ರಜೆಗೆ ಬೆಂಗಳೂರಿಗೆ ಹೋಗುವುದು ಸಾಮಾನ್ಯ ಅಲ್ವಾ? ಆಗ ಥರ್ಮೋಸ್ಟಾಟ್ ಕೆಳಗಿರುತ್ತದೆ, ಬಿಸಿನೀರು ಯಾರೂ ಬಳಸಿರುವುದಿಲ್ಲ. ಆ ಒಂದು ಬಿಲ್ ಸೇರಿದರೆ ಇಡೀ ಲೆಕ್ಕ ಓರೆಯಾಗುತ್ತದೆ. ಅದನ್ನು ಬಿಟ್ಟುಬಿಡಿ.

ಹಂತ 2: ಆಯಿಲ್ ಮನೆಗಳಿಗೆ ಮಾತ್ರ: ತುಂಬಿದಾಗಿನಿಂದ ತುಂಬುವವರೆಗೆ

ಹೀಟಿಂಗ್ ಆಯಿಲ್ ಉರಿಸುವ ಅಮೆರಿಕದ ಮನೆಗಳಲ್ಲಿ ಹೆಚ್ಚಿನವು ಈ ಈಶಾನ್ಯ ರಾಜ್ಯಗಳಲ್ಲೇ ಇವೆ. ನ್ಯೂ ಇಂಗ್ಲೆಂಡಿನಲ್ಲಿ ಹಳೆ ಮನೆ ಕೊಂಡವರಿಗೆ ಬೇಸ್‌ಮೆಂಟಿನ 275 ಗ್ಯಾಲನ್ ಟ್ಯಾಂಕ್ ಗೊತ್ತೇ ಇರುತ್ತದೆ. ಇದಕ್ಕೆ ಮೀಟರ್ ಇರುವುದಿಲ್ಲ. ಮೇಲಿರುವ ತೇಲುವ ಗೇಜ್ ಬರೀ ಅಂದಾಜು ತೋರಿಸುತ್ತದೆ. ಆರ್ಡರ್ ಮಾಡುವ ಹೊತ್ತಾಯಿತಾ ಅಂತ ನೋಡಲು ಅದು ಸಾಕು, ಲೆಕ್ಕಕ್ಕೆ ಸಾಲದು.

ನಂಬಬಹುದಾದ ಅಳತೆ ಒಂದೇ. ಟ್ಯಾಂಕ್ ಪೂರ್ತಿ ತುಂಬಿದ ದಿನದಿಂದ ಮತ್ತೆ ಪೂರ್ತಿ ತುಂಬಿದ ದಿನದವರೆಗೆ ಒಂದು ಅವಧಿ. ಎರಡನೇ ಸಲ ಎಷ್ಟು ಗ್ಯಾಲನ್ ಹಿಡಿಯಿತೋ ಅಷ್ಟೇ ಆ ಅವಧಿಯಲ್ಲಿ ಉರಿದದ್ದು. ನಡುವೆ ದರ ಕಡಿಮೆ ಇದೆ ಅಂತ 100 ಗ್ಯಾಲನ್ ಮಾತ್ರ ಹಾಕಿಸಿದ್ದರೆ ಅದನ್ನೂ ಕೂಡಿಸಿ, ಆದರೆ ಅಲ್ಲಿಗೆ ಅವಧಿ ಮುಗಿಸಬೇಡಿ. ರಸೀದಿಯ ಮೇಲೆ ಪೂರ್ತಿ ತುಂಬಿತೋ ಇಲ್ಲವೋ ಅಂತ ಅವತ್ತೇ ಬರೆದಿಡಿ. ಆಮೇಲೆ ನೆನಪಿರುವುದಿಲ್ಲ.

ಇನ್ನೂ ನಿಖರವಾಗಿ ಬೇಕೆನ್ನುವವರು ಟೆಕ್ನಿಷಿಯನ್ ಕೈಯಲ್ಲಿ ಬರ್ನರ್‌ಗೆ ಗಂಟೆ ಎಣಿಸುವ ಮೀಟರ್ ಹಾಕಿಸಬಹುದು. ಓಡಿದ ಗಂಟೆಯನ್ನು ನಾಝಲ್‌ನ (ಬರ್ನರ್‌ಗೆ ಆಯಿಲ್ ಚಿಮ್ಮಿಸುವ ಮೂತಿ) ಹರಿವಿನಿಂದ ಗುಣಿಸಿದರೆ ಗ್ಯಾಲನ್ ಸಿಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ನಾಝಲ್ ಮೇಲೆ ಗಂಟೆಗೆ 0.85 ಗ್ಯಾಲನ್ ಅಂತ ಬರೆದಿದ್ದರೆ ಅದು 100 ಪಿಎಸ್ಐ (ಚದರ ಇಂಚಿಗೆ ಪೌಂಡ್) ಒತ್ತಡದ ಲೆಕ್ಕ. ಪಂಪ್ 140 ಪಿಎಸ್ಐಗೆ ಹೊಂದಿಸಿದ್ದರೆ ನಿಜವಾದ ಹರಿವು ಗಂಟೆಗೆ ಸುಮಾರು 1 ಗ್ಯಾಲನ್. ಸರ್ವಿಸ್‌ಗೆ ಬಂದವರನ್ನು ಒತ್ತಡ ಎಷ್ಟಿದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಹಂತ 3: ದಿನದಿನದ ಚಳಿಯನ್ನು ಅಂಕಿಯಾಗಿ ಮಾಡಿ

ಇದಕ್ಕೆ ಬಳಸುವ ಅಳತೆ ಹೀಟಿಂಗ್ ಡಿಗ್ರಿ ಡೇ. ದಿನದ ಗರಿಷ್ಠ, ಕನಿಷ್ಠ ಎರಡರ ಸರಾಸರಿಯನ್ನು 65 ಡಿಗ್ರಿ ಫ್ಯಾರನ್‌ಹೀಟ್‌ನಿಂದ ಕಳೆಯಬೇಕು. ಗರಿಷ್ಠ 40, ಕನಿಷ್ಠ 24 ಆದರೆ ಸರಾಸರಿ 32. ಅವತ್ತಿನ ಲೆಕ್ಕ 33 ಡಿಗ್ರಿ ಡೇ. ಸರಾಸರಿ 65 ದಾಟಿದರೆ ಸೊನ್ನೆ ಬರೆಯಿರಿ, ಮೈನಸ್ ಬರೆಯಬೇಡಿ.

ಪ್ರತಿ ದಿನಕ್ಕೂ ಇದನ್ನು ಬೇರೆಬೇರೆಯಾಗಿ ಮಾಡಿ, ಆಮೇಲೆ ಕೂಡಿಸಿ. ತಿಂಗಳ ಸರಾಸರಿ ತಾಪಮಾನ ತೆಗೆದು ಒಂದೇ ಸಲ 65ರಿಂದ ಕಳೆಯುವವರೇ ಜಾಸ್ತಿ. ಏಪ್ರಿಲ್, ಅಕ್ಟೋಬರ್ ಲೆಕ್ಕ ಹಾಳಾಗುವುದು ಇಲ್ಲೇ. ಒಂದು ದಿನ 72, ಮರುದಿನ 50 ಡಿಗ್ರಿ ಇತ್ತು ಅಂದುಕೊಳ್ಳಿ. ಎರಡರ ಸರಾಸರಿ 61, ಅಂದರೆ ದಿನಕ್ಕೆ 4 ಡಿಗ್ರಿ ಡೇ ಅನಿಸುತ್ತದೆ. ನಿಜವಾಗಿ ಮೊದಲ ದಿನ ಸೊನ್ನೆ, ಎರಡನೇ ದಿನ 15. ದಿನಕ್ಕೆ 7.5 ಆಯಿತು. ಹೆಚ್ಚುಕಮ್ಮಿ ಎರಡರಷ್ಟು ವ್ಯತ್ಯಾಸ.

ಮೀಟರ್ ಓದಿದ ದಿನಗಳ ನಡುವಿನ ಡಿಗ್ರಿ ಡೇಗಳನ್ನು ಕೂಡಿಸಿ. ಎರಡೂ ತುದಿಯ ದಿನಗಳನ್ನು ಸೇರಿಸಬೇಡಿ, ಒಂದು ತುದಿ ಮಾತ್ರ ಸೇರಬೇಕು. ಜನವರಿ 8ರಿಂದ ಫೆಬ್ರವರಿ 7ರ ಬಿಲ್ಲಿಗೆ ಜನವರಿ 8ರಿಂದ ಫೆಬ್ರವರಿ 6ರವರೆಗಿನ 30 ದಿನ ತೆಗೆದುಕೊಳ್ಳಿ.

ಕೆನಡಾದಲ್ಲಿರುವವರು ಗಮನಿಸಿ: ಅಲ್ಲಿನ ಡಿಗ್ರಿ ಡೇ 18 ಡಿಗ್ರಿ ಸೆಲ್ಸಿಯಸ್‌ನಿಂದ ಲೆಕ್ಕ. ಬ್ರಿಟನ್ನಿನಲ್ಲಿ 15.5. ಒಂದು ಸೆಲ್ಸಿಯಸ್ ಡಿಗ್ರಿ ಡೇ 1.8 ಫ್ಯಾರನ್‌ಹೀಟ್ ಡಿಗ್ರಿ ಡೇಗೆ ಸಮ. ಎರಡು ದೇಶದ ಅಂಕಿಗಳನ್ನು ಹಾಗೇ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಹಂತ 4: ಬಿಸಿನೀರಿನ ಪಾಲನ್ನು ಬೇರೆ ಮಾಡಿ

ಇಡೀ ಕೆಲಸದಲ್ಲಿ ಇದೇ ಮುಖ್ಯ ಹಂತ. ನಿಧಾನವಾಗಿ ಮಾಡಿ.

ನಮ್ಮೂರ ಕರೆಂಟ್ ಬಿಲ್ಲಿನಲ್ಲಿ ಫಿಕ್ಸೆಡ್ ಚಾರ್ಜ್ ಬೇರೆ, ಯೂನಿಟ್ ಚಾರ್ಜ್ ಬೇರೆ ಇರುತ್ತದಲ್ಲ, ಮನೆಯ ಇಂಧನವೂ ಹಾಗೇ ಎರಡು ಪಾಲು. ಒಂದು ಪಾಲು ಚಳಿ ಇರಲಿ ಬಿಡಲಿ ದಿನವೂ ಖರ್ಚಾಗುತ್ತದೆ: ಸ್ನಾನ, ಪಾತ್ರೆ, ಬಟ್ಟೆ ಒಣಗಿಸುವ ಮಷೀನು, ಗ್ಯಾಸ್ ಒಲೆ. ಇನ್ನೊಂದು ಪಾಲು ಚಳಿ ಏರಿದಂತೆ ಏರುತ್ತದೆ.

ಮೊದಲ ಪಾಲು ತಿಳಿಯಲು ಜುಲೈ, ಆಗಸ್ಟ್ ಬಿಲ್ ನೋಡಿ. ಆಗ ಹೀಟಿಂಗ್ ಇರುವುದಿಲ್ಲ. 30 ದಿನಕ್ಕೆ 24 ಥರ್ಮ್ ಬಂದಿದ್ದರೆ ದಿನಕ್ಕೆ 0.8 ಥರ್ಮ್. ಇದೇ ನಿಮ್ಮ ಮನೆಯ ದಿನವಹಿ ಖರ್ಚು. ಆಯಿಲ್ ಬಾಯ್ಲರೇ ಬಿಸಿನೀರನ್ನೂ ಕೊಡುವ ಮನೆಯಲ್ಲಿ ಬೇಸಿಗೆಯಲ್ಲೂ ಆಯಿಲ್ ಉರಿಯುತ್ತದೆ. ಅದನ್ನು ತಿಳಿಯಲು ಮೇ ಕೊನೆಗೆ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ಟ್ಯಾಂಕ್ ಪೂರ್ತಿ ತುಂಬಿಸಿ. ಬಿಸಿನೀರು ಎಲೆಕ್ಟ್ರಿಕ್ ಹೀಟರಿನಿಂದ ಬರುತ್ತಿದ್ದರೆ ಆಯಿಲ್‌ನ ಈ ಪಾಲು ಸೊನ್ನೆ.

ಈ ಹಂತ ಬಿಟ್ಟರೆ ಏನಾಗುತ್ತದೆ ನೋಡಿ. ಉದಾಹರಣೆಗೆ ಒಂದು ಮನೆಯಲ್ಲಿ 48 ದಿನಕ್ಕೆ 168 ಗ್ಯಾಲನ್ ಆಯಿಲ್ ಉರಿದಿದೆ, ಆ ಅವಧಿಯ ಡಿಗ್ರಿ ಡೇ 1,440 ಅಂದುಕೊಳ್ಳೋಣ. ನೇರವಾಗಿ ಭಾಗಿಸಿದರೆ ಗ್ಯಾಲನ್‌ಗೆ ಸುಮಾರು 8.6 ಡಿಗ್ರಿ ಡೇ. ಆಯಿಲ್ ಕಂಪನಿಗಳು ಕೆ ಫ್ಯಾಕ್ಟರ್ ಅನ್ನುವುದು ಈ ಬಗೆಯ ಅಂಕಿಗೇ. ಆದರೆ ಬಿಸಿನೀರಿಗೆ ದಿನಕ್ಕೆ 0.5 ಗ್ಯಾಲನ್ ಹೋಗುತ್ತದೆ, ಅಂದರೆ 48 ದಿನಕ್ಕೆ 24. ಹೀಟಿಂಗ್‌ಗೆ ಉಳಿದದ್ದು 144 ಗ್ಯಾಲನ್. ಸರಿಯಾದ ಅಂಕಿ ಗ್ಯಾಲನ್‌ಗೆ 10 ಡಿಗ್ರಿ ಡೇ.

ಈಗ ದಿನಕ್ಕೆ 12 ಡಿಗ್ರಿ ಡೇ ಇರುವ ಏಪ್ರಿಲ್ ತಿಂಗಳಿಗೆ ಇದನ್ನು ಹಾಕಿ. ತಪ್ಪು ಲೆಕ್ಕದಲ್ಲಿ 30 ದಿನಕ್ಕೆ 42 ಗ್ಯಾಲನ್. ಸರಿಯಾದ ಲೆಕ್ಕದಲ್ಲಿ 36 ಮತ್ತು 15, ಒಟ್ಟು 51. ಕಡು ಚಳಿಯಲ್ಲಿ ಇದು ತಿರುಗುಮುರುಗಾಗಿ, ತಪ್ಪು ಲೆಕ್ಕ ಜಾಸ್ತಿ ತೋರಿಸುತ್ತದೆ. ಲೆಕ್ಕ ಒಂದು ತಿಂಗಳು ಕೂಡಿ ಇನ್ನೊಂದು ತಿಂಗಳು ಕೈಕೊಡುವುದಕ್ಕೆ ಕಾರಣ ಇದೇ.

ಹಂತ 5: ಗೆರೆ ಎಳೆಯಿರಿ

ಶೀಟಿನಲ್ಲಿ ಪ್ರತಿ ಅವಧಿಗೆ ಎರಡು ಅಂಕಿ ಮಾಡಿ: ದಿನಕ್ಕೆ ಎಷ್ಟು ಡಿಗ್ರಿ ಡೇ, ದಿನಕ್ಕೆ ಎಷ್ಟು ಥರ್ಮ್. ದಿನಗಳ ಸಂಖ್ಯೆಯಿಂದ ಭಾಗಿಸುವುದನ್ನು ಮರೆಯಬೇಡಿ. ಒಂದು ಬಿಲ್ 29 ದಿನದ್ದು, ಇನ್ನೊಂದು 33 ದಿನದ್ದು ಇರುತ್ತದೆ.

ನ್ಯೂಜೆರ್ಸಿಯ ಒಂದು ಗ್ಯಾಸ್ ಮನೆ ಹೀಗಿದೆ ಅಂದುಕೊಳ್ಳಿ. 32 ದಿನ, 544 ಡಿಗ್ರಿ ಡೇ, 102 ಥರ್ಮ್. ಆಮೇಲೆ 29 ದಿನ, 812 ಡಿಗ್ರಿ ಡೇ, 137 ಥರ್ಮ್. ಆಮೇಲೆ 31 ದಿನ, 1,023 ಡಿಗ್ರಿ ಡೇ, 168 ಥರ್ಮ್. ದಿನಕ್ಕೆ ಭಾಗಿಸಿದರೆ 17ಕ್ಕೆ 3.19, 28ಕ್ಕೆ 4.72, 33ಕ್ಕೆ 5.42.

ಇವನ್ನು ಸ್ಕ್ಯಾಟರ್ ಚಾರ್ಟಿನಲ್ಲಿ ಹಾಕಿ. ಅಡ್ಡ ಸಾಲಿನಲ್ಲಿ ಡಿಗ್ರಿ ಡೇ, ಉದ್ದ ಸಾಲಿನಲ್ಲಿ ಥರ್ಮ್. ಚುಕ್ಕಿಗಳು ಒಂದು ಗೆರೆಯ ಮೇಲೆ ಕೂರುತ್ತವೆ. ಶೀಟಿನ ಸ್ಲೋಪ್ ಫಂಕ್ಷನ್ ಒಂದು ಡಿಗ್ರಿ ಡೇಗೆ ಎಷ್ಟು ಥರ್ಮ್ ಅಂತ ಹೇಳುತ್ತದೆ. ಇಂಟರ್‌ಸೆಪ್ಟ್ ಫಂಕ್ಷನ್ ದಿನವಹಿ ಖರ್ಚನ್ನು ಹೇಳುತ್ತದೆ. ಈ ಮನೆಗೆ ಅವು ಸುಮಾರು 0.14 ಮತ್ತು 0.8. ಜುಲೈ ಬಿಲ್ಲಿನಿಂದ ಬಂದ 0.8 ಕೂಡ ಇದಕ್ಕೆ ಹೊಂದುತ್ತಿದೆ. ಎರಡು ದಾರಿಯಿಂದ ಹೋದರೂ ಒಂದೇ ಅಂಕಿ ಬಂದರೆ ಲೆಕ್ಕ ಗಟ್ಟಿ ಇದೆ ಅಂತ ಧೈರ್ಯವಾಗಿ ಮುಂದೆ ಹೋಗಿ.

ಮೂರೇ ಬಿಲ್ ಸಾಲುವುದಿಲ್ಲ. ಇದು ತೋರಿಸಲು ಹೇಳಿದ್ದು. ಒಂದು ವರ್ಷದ ಬಿಲ್‌ಗಳು ಬೇಕು. ಅದರಲ್ಲೂ ಅಕ್ಟೋಬರ್, ಏಪ್ರಿಲ್ ತರಹದ ನಡುಗಾಲದ ಬಿಲ್‌ಗಳು ಇರಲೇಬೇಕು.

ಹಂತ 6: 65 ನಿಮ್ಮ ಮನೆಗೆ ಸರಿಯೇ ಅಂತ ಪರೀಕ್ಷೆ ಮಾಡಿ

ಹೊರಗೆ 63 ಡಿಗ್ರಿ ಇದ್ದಾಗ ನಿಮ್ಮ ಫರ್ನೇಸ್ ಓಡುತ್ತದೆಯೇ? ಬಹಳ ಮನೆಗಳಲ್ಲಿ ಇಲ್ಲ. ಒಳಗಿನ ಜನ, ಅಡುಗೆ, ಫ್ರಿಜ್, ಕಿಟಕಿಯಿಂದ ಬರುವ ಬಿಸಿಲು, ಇವೇ ಮನೆಯನ್ನು ಕೆಲವು ಡಿಗ್ರಿ ಬೆಚ್ಚಗಿಡುತ್ತವೆ. ಗೋಡೆ, ಅಟ್ಟಕ್ಕೆ ಒಳ್ಳೆ ಇನ್ಸುಲೇಷನ್ ಇರುವ ಮನೆಗೆ ಹೀಟಿಂಗ್ ಬೇಕಾಗುವುದು 60 ಅಥವಾ 55ಕ್ಕೆ ಇಳಿದ ಮೇಲೆ.

ಹಾಗಾಗಿ 65ರ ಜಾಗದಲ್ಲಿ 62, 60, 58, 55 ಹಾಕಿ ಹಂತ 3 ಮತ್ತು 5ನ್ನು ಮತ್ತೆ ಮಾಡಿ. ದಿನದಿನದ ತಾಪಮಾನದ ಪಟ್ಟಿ ಬೇಕು ಅಂದದ್ದು ಇದಕ್ಕೇ. 65ರ ಸಿದ್ಧ ಮೊತ್ತಗಳಿಂದ ಇದು ಆಗುವುದಿಲ್ಲ. ಚುಕ್ಕಿಗಳು ಗೆರೆಗೆ ಎಷ್ಟು ಹತ್ತಿರ ಕೂತಿವೆ ಅಂತ ಹೇಳುವ ಆರ್ ಸ್ಕ್ವೇರ್ ಅಂಕಿ ಯಾವುದಕ್ಕೆ 1ರ ಹತ್ತಿರ ಬರುತ್ತದೋ ಅದನ್ನು ಇಟ್ಟುಕೊಳ್ಳಿ. 0.97ಕ್ಕೂ 0.98ಕ್ಕೂ ನಡುವೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅಂಥ ಕಡೆ ಇಂಟರ್‌ಸೆಪ್ಟ್ ಬೇಸಿಗೆ ಬಿಲ್ಲಿಗೆ ಯಾವುದರಲ್ಲಿ ಹತ್ತಿರ ಇದೆ ಅಂತ ನೋಡುವುದೇ ಒಳ್ಳೆಯ ಪರೀಕ್ಷೆ. ಇಂಟರ್‌ಸೆಪ್ಟ್ ಮೈನಸ್ ಬಂದರೆ, ಅಥವಾ ಬೇಸಿಗೆ ಬಳಕೆಗಿಂತ ತೀರಾ ಕಡಿಮೆ ಬಂದರೆ ನೀವು ಹಾಕಿದ ಡಿಗ್ರಿ ಜಾಸ್ತಿಯಾಗಿದೆ. ತೀರಾ ಹೆಚ್ಚು ಬಂದರೆ ಕಡಿಮೆಯಾಗಿದೆ.

ಹಂತ 7: ಮುಂದಿನದನ್ನು ಅಂದಾಜು ಮಾಡಿ

ಸೂತ್ರ ಇಷ್ಟೇ: ದಿನಗಳನ್ನು ದಿನವಹಿ ಖರ್ಚಿನಿಂದ ಗುಣಿಸಿ, ಡಿಗ್ರಿ ಡೇಗಳನ್ನು ಸ್ಲೋಪ್‌ನಿಂದ ಗುಣಿಸಿ, ಎರಡನ್ನೂ ಕೂಡಿಸಿ. ಮೇಲಿನ ಗ್ಯಾಸ್ ಮನೆಗೆ 31 ದಿನದಲ್ಲಿ 1,000 ಡಿಗ್ರಿ ಡೇ ಬರುವ ತಿಂಗಳಿಗೆ 25 ಮತ್ತು 140, ಸುಮಾರು 165 ಥರ್ಮ್. ದಿನದ ಸರಾಸರಿ 15 ಡಿಗ್ರಿ ಇರುವ ಕೊರೆಯುವ ವಾರಕ್ಕೆ 350 ಡಿಗ್ರಿ ಡೇ. ಆ ಏಳೇ ದಿನಕ್ಕೆ ಸುಮಾರು 55 ಥರ್ಮ್.

ವಾರದ ಒಳಗಿನ ಲೆಕ್ಕಕ್ಕೆ ಹವಾಮಾನ ಮುನ್ಸೂಚನೆ ಬಳಸಿ. ಅದಕ್ಕಿಂತ ದೂರದ ತಿಂಗಳಿಗೆ ಮುನ್ಸೂಚನೆ ನಂಬಬೇಡಿ. 1991ರಿಂದ 2020ರವರೆಗಿನ ಸಾಮಾನ್ಯ ಸರಾಸರಿ ಅದೇ ಸೈಟಿನಲ್ಲಿ ಸಿಗುತ್ತದೆ, ಅದನ್ನು ಹಾಕಿ. ಜೊತೆಗೆ ಕಳೆದ ಹತ್ತು ವರ್ಷದಲ್ಲಿ ಆ ತಿಂಗಳ ಅತಿ ಹೆಚ್ಚು ಮತ್ತು ಅತಿ ಕಡಿಮೆ ಡಿಗ್ರಿ ಡೇ ಎಷ್ಟಿತ್ತು ನೋಡಿ, ಅವೆರಡಕ್ಕೂ ಲೆಕ್ಕ ಮಾಡಿ. ಉತ್ತರವನ್ನು "ಇಷ್ಟರಿಂದ ಇಷ್ಟರವರೆಗೆ" ಅಂತಲೇ ಬರೆದಿಡಿ. ದುಡ್ಡು ಎತ್ತಿಡುವುದು ಮೇಲಿನ ಅಂಕಿಗೆ.

ಆಯಿಲ್ ಟ್ಯಾಂಕಿಗೆ ಪ್ರಶ್ನೆಯೇ ಬೇರೆ: ಎಷ್ಟು ದಿನ ಬರುತ್ತದೆ? 275 ಗ್ಯಾಲನ್ ಟ್ಯಾಂಕಿಗೆ ಮೇಲೆ ಜಾಗ ಬಿಟ್ಟು ಸುಮಾರು 250 ಗ್ಯಾಲನ್ ತುಂಬುತ್ತಾರೆ. ಕಾಲು ಭಾಗ, ಅಂದರೆ ಸುಮಾರು 70 ಗ್ಯಾಲನ್, ಮುಟ್ಟಬಾರದು ಅಂತ ಇಟ್ಟುಕೊಳ್ಳಿ. ಉಳಿದದ್ದು 180. ಹಂತ 4ರ ಮನೆಗೆ ದಿನಕ್ಕೆ 35 ಡಿಗ್ರಿ ಡೇ ಇದ್ದರೆ 4 ಗ್ಯಾಲನ್ ಬೇಕು, 45 ದಿನ ಬರುತ್ತದೆ. ಚಳಿ 50 ಡಿಗ್ರಿ ಡೇಗೆ ಏರಿದರೆ ದಿನಕ್ಕೆ 5.5 ಗ್ಯಾಲನ್. ಆ ಕೊನೆಯ 70 ಗ್ಯಾಲನ್ ಎರಡು ವಾರವೂ ಬರುವುದಿಲ್ಲ. ಹಿಮಬಿರುಗಾಳಿ ಬಂದಾಗ ಆಯಿಲ್ ಲಾರಿ ಬೇಕೆಂದಾಗ ಸಿಗುವುದಿಲ್ಲ. ಟ್ಯಾಂಕ್ ಪೂರ್ತಿ ಬರಿದಾದರೆ ತಳದ ಕೆಸರು ಫಿಲ್ಟರ್‌ಗೆ ಸೇರುತ್ತದೆ, ಪೈಪಿಗೆ ಗಾಳಿ ನುಗ್ಗುತ್ತದೆ. ಬರ್ನರ್ ಮತ್ತೆ ಹೊತ್ತಿಸಲು ಟೆಕ್ನಿಷಿಯನ್ ಬರಬೇಕಾಗಬಹುದು.

ಹಂತ 8: ಥರ್ಮೋಸ್ಟಾಟ್ ಬದಲಾದರೆ ತಿದ್ದಿ

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, 68 ಇದ್ದದ್ದನ್ನು 72 ಮಾಡಿದ್ದೀರಿ. ಹಳೆ ಗೆರೆ ಹಾಗೇ ನಡೆಯುವುದಿಲ್ಲ. ಫರ್ನೇಸ್ ಓಡುವ ಪ್ರತಿ ದಿನಕ್ಕೂ 4 ಡಿಗ್ರಿ ಡೇ ಕೂಡಿಸಿ. 30 ದಿನಕ್ಕೆ 120. ಮೇಲಿನ ಮನೆಯಲ್ಲಿ ಸುಮಾರು 17 ಥರ್ಮ್ ಜಾಸ್ತಿ. ಬಿಸಿನೀರಿನ ಖರ್ಚೂ ಏರುತ್ತದೆ, ಅದನ್ನು ದಿನವಹಿ ಪಾಲಿಗೆ ಸೇರಿಸಿ. ಹಿರಿಯರಿಗೆ ಬೆಚ್ಚಗೆ ಇಡುವುದೇ ಸರಿ, ಆ ಖರ್ಚು ಎಷ್ಟಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಸಾಕು.

ನೀವೇ ಊರಿಗೆ ಹೊರಟರೆ ಇದೇ ಲೆಕ್ಕವನ್ನು ಕಳೆಯಿರಿ. ಆದರೆ ಮನೆ ಖಾಲಿ ಇದ್ದಾಗ ಅಡುಗೆಯ, ಜನರ ಶಾಖವೂ ಇರುವುದಿಲ್ಲ, ಹಾಗಾಗಿ ಉಳಿತಾಯ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಉಳಿಸಲು ಹೋಗಿ ಹೀಟಿಂಗ್ ಪೂರ್ತಿ ಆಫ್ ಮಾಡಲೇಬೇಡಿ. 55ಕ್ಕಿಂತ ಕೆಳಗೆ ಇಳಿಸಬೇಡಿ. ನೀರಿನ ಪೈಪ್ ಹೆಪ್ಪುಗಟ್ಟಿ ಒಡೆದರೆ ಆಗುವ ನಷ್ಟದ ಮುಂದೆ ಈ ಉಳಿತಾಯ ಏನೂ ಅಲ್ಲ. ಹೊರಡುವ ಮುಂಚೆ ಟ್ಯಾಂಕ್ ತುಂಬಿಸಿ, ಮನೆಯ ಒಂದು ಬೀಗದ ಕೈ ಸ್ನೇಹಿತರಿಗೆ ಕೊಟ್ಟು ಆಗಾಗ ನೋಡಲು ಹೇಳಿ. ನೀರಿನ ಮೇನ್ ವಾಲ್ವ್ ಮುಚ್ಚುವುದು ಒಳ್ಳೆಯದು. ಬಾಯ್ಲರ್ ಇರುವ ಮನೆಯವರು ಅದಕ್ಕೆ ಮುಂಚೆ ಟೆಕ್ನಿಷಿಯನ್ ಹತ್ತಿರ ಕೇಳಿ.

ಹೀಟ್ ಪಂಪ್ ಇದ್ದರೆ

ಹೀಟ್ ಪಂಪ್ ಅಂದರೆ ಹೊರಗಿನ ಶಾಖವನ್ನು ಕರೆಂಟ್ ಬಳಸಿ ಮನೆಯೊಳಗೆ ತರುವ ಯಂತ್ರ. ಇದಕ್ಕೆ ಒಂದೇ ನೇರ ಗೆರೆ ಸಾಲದು. ಹೊರಗೆ ಚಳಿ ಏರಿದಷ್ಟೂ ಹೀಟ್ ಪಂಪ್ ಅದೇ ಶಾಖಕ್ಕೆ ಜಾಸ್ತಿ ಕರೆಂಟ್ ಎಳೆಯುತ್ತದೆ. ತೀರಾ ಚಳಿಯಾದಾಗ ಸಹಾಯಕ ಎಲೆಕ್ಟ್ರಿಕ್ ಹೀಟರ್ ಆನ್ ಆದರೆ ಬಳಕೆ ಇನ್ನೂ ಹಾರುತ್ತದೆ. ಸಾಧ್ಯವಾದರೆ ತಿಂಗಳ ಬದಲು ದಿನದ ಕರೆಂಟ್ ಬಳಕೆಯ ಅಂಕಿ ಡೌನ್‌ಲೋಡ್ ಮಾಡಿಕೊಳ್ಳಿ, ಗೆರೆ ಎಲ್ಲಿ ಬಾಗುತ್ತದೆ ನೋಡಿ, ಅಲ್ಲಿಗೆ ಎರಡು ಗೆರೆ ಮಾಡಿ. ದಿನವಹಿ ಖರ್ಚನ್ನು ಜುಲೈನಿಂದ ತೆಗೆಯಬೇಡಿ, ಆಗ ಎಸಿ ಓಡುತ್ತಿರುತ್ತದೆ. ಎರಡೂ ಓಡದ ಮೇ ಅಥವಾ ಸೆಪ್ಟೆಂಬರ್ ಕೊನೆಯ ದಿನಗಳನ್ನು ಆರಿಸಿ.

ಹಂತ 9: ಪ್ರತಿ ಬಿಲ್ ಬಂದಾಗ ತಾಳೆ ನೋಡಿ

ಬಿಲ್ ಬಂದ ಮೇಲೆ ಆ ಅವಧಿಯ ನಿಜವಾದ ಡಿಗ್ರಿ ಡೇ ಹಾಕಿ, ಸೂತ್ರ ಏನು ಹೇಳುತ್ತದೆ, ಮೀಟರ್ ಏನು ಹೇಳುತ್ತದೆ ನೋಡಿ. ನೂರಕ್ಕೆ 5ರಿಂದ 10ರಷ್ಟು ಆಚೀಚೆ ಆದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಗಾಳಿ ಜೋರಾಗಿದ್ದ ತಿಂಗಳು ಜಾಸ್ತಿ ಉರಿಯುತ್ತದೆ. ಮಾರ್ಚ್‌ನಲ್ಲಿ ಬಿಸಿಲು ಬಲವಾಗಿರುವುದರಿಂದ ಅಷ್ಟೇ ಡಿಗ್ರಿ ಡೇಗೆ ಕಡಿಮೆ ಉರಿಯಬಹುದು. ಸತತ ಎರಡು ಬಿಲ್ ನೂರಕ್ಕೆ 15ಕ್ಕಿಂತ ಹೆಚ್ಚು ಮೇಲಿದ್ದರೆ ಮಾತ್ರ ಕಾರಣ ಹುಡುಕಿ.

ಬೇಸಿಗೆ ಬಳಕೆ ಹಾಗೇ ಇದ್ದು ಸ್ಲೋಪ್ ಮಾತ್ರ ಏರಿದ್ದರೆ ತೊಂದರೆ ಹೀಟಿಂಗ್ ಕಡೆ ಇದೆ: ಬರ್ನರ್‌ಗೆ ಮಸಿ ಹಿಡಿದಿರಬಹುದು, ಬಿಸಿಗಾಳಿಯ ಡಕ್ಟ್ ಬಿಚ್ಚಿರಬಹುದು, ಅಟ್ಟದ ಬಾಗಿಲು ತೆರೆದಿರಬಹುದು. ದಿನವಹಿ ಖರ್ಚು ಏರಿದ್ದರೆ ಬಿಸಿನೀರಿನ ನಲ್ಲಿ, ಹೀಟರ್ ನೋಡಿ. ಕಡು ಚಳಿಯಲ್ಲಿ ಬಳಕೆ ಗೆರೆಗಿಂತ ಕೆಳಗಿದ್ದು ಮನೆಯೂ ತಣ್ಣಗಿದ್ದರೆ ಫರ್ನೇಸ್ ಬಿಡುವಿಲ್ಲದೆ ಓಡಿದರೂ ಸಾಲುತ್ತಿಲ್ಲ ಅಂತ ಅರ್ಥ.

ಕೆಲವು ಗುರುತುಗಳಿಗೆ ಲೆಕ್ಕ ಮಾಡುತ್ತಾ ಕೂರಬೇಡಿ. ಆಯಿಲ್ ಇದ್ದಕ್ಕಿದ್ದಂತೆ ಬೇಗ ಖಾಲಿಯಾಗುತ್ತಿದೆ, ಟ್ಯಾಂಕ್ ಅಥವಾ ಪೈಪ್ ಬಳಿ ಒದ್ದೆ ಇದೆ, ವಾಸನೆ ಇದೆ ಅಂದರೆ ಸೋರಿಕೆ ಇರಬಹುದು, ಅವತ್ತೇ ಟೆಕ್ನಿಷಿಯನ್ ಕರೆಸಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬನ್ನಿ, ಫೋನ್ ಹೊರಗಿನಿಂದ ಮಾಡಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗಿದರೆ ಮಕ್ಕಳು, ಹಿರಿಯರನ್ನು ಕರೆದುಕೊಂಡು ತಕ್ಷಣ ಮನೆ ಬಿಟ್ಟು ಹೊರಬಂದು 911ಕ್ಕೆ ಕರೆ ಮಾಡಿ.